ಸುಗಂಧದ ಬತ್ತಿ

ಕಳೆದ ಕಿತ್ತೂರು ಉತ್ಸವಕ್ಕೆ ಮಗಳ ಮಗ ಬೆಂಗಳೂರಿನಿಂದ ಬಂದಿದ್ದ. ಕೋಟೆಯ ಬಯಲಿನ ಕಾರ್ಯಕ್ರಮ ಮುಗಿಸಿಕೊಂಡು ಬೈಲಹೊಂಗಲದ ನಮ್ಮ ಮನೆಗೆ ಮರಳಿದಾಗ ರಾತ್ರಿ ಹನ್ನೊಂದು ದಾಟಿತ್ತು. ಮಾಳಿಗೆಯಿಂದ ಮಾವಿನಹಣ್ಣಿನ ವಾಸನೆ ಇಳಿದು ಬಂತು. ಅಕ್ಟೋಬರಿನಲ್ಲಿ ಮಾವು ಎಲ್ಲಿಂದ ಬರಬೇಕು? ಮೇಲೆ ಹೋಗಿ ನೋಡಿದೆ. ಹುಡುಗ ಪೆನ್ನಿನಂಥ ಒಂದು ಸಾಮಾನು ಬಾಯಿಗಿಟ್ಟುಕೊಂಡು ನಿಂತಿದ್ದ.

"ಏನೋ ತಮ್ಮಾ ಇದು?"

"ಏನಿಲ್ಲಜ್ಜಾ, ವೇಪ್. ಇದು ಹೊಗಿ ಅಲ್ಲ, ಬರೇ ಉಗಿ."

ಮೂವತ್ತೊಂದು ವರ್ಷ ದವಾಖಾನೆಗಳಲ್ಲಿ ಕಂಪೌಂಡರಾಗಿ ದುಡಿದವನು ನಾನು. ಬೈದರೆ ಯಾರೂ ಚಟ ಬಿಡುವುದಿಲ್ಲ ಎಂಬುದನ್ನು ಅಲ್ಲೇ ಕಲಿತಿದ್ದೇನೆ. ಮರುದಿನ ಮುಂಜಾನೆ ಅವನನ್ನು ಎದುರಿಗೆ ಕೂರಿಸಿಕೊಂಡು ನಾಡಿ ಹಿಡಿದೆ. ಒಂದು ನಿಮಿಷಕ್ಕೆ 74. "ಈಗ ನನ್ನ ಮುಂದನ ಸೇದು" ಎಂದೆ. ನಾಚಿಕೊಂಡೇ ಹತ್ತು ಸಲ ಎಳೆದ. ಕುಳಿತಲ್ಲಿಂದ ಎದ್ದಿರಲಿಲ್ಲ, ಒಂದು ಹೆಜ್ಜೆ ನಡೆದಿರಲಿಲ್ಲ. ಮತ್ತೆ ಎಣಿಸಿದೆ. 91.

ಆಮೇಲೆ ಆ ಸಾಮಾನನ್ನು ಬಿಚ್ಚಿ ತೋರಿಸೆಂದೆ. ತುದಿಯಲ್ಲಿ ಅರಿಸಿನ ಬಣ್ಣದ ದ್ರವದ ಪುಟ್ಟ ಡಬ್ಬಿ, ಅದರ ನಡುವೆ ಲೋಹದ ಕೊಳವೆ. ಚಿಮಟದಿಂದ ಕೊಳವೆಯನ್ನು ಕಿತ್ತಾಗ ಒಳಗೆ ಕೂದಲಿನಷ್ಟು ತೆಳುವಾದ ತಂತಿಯ ಸುರುಳಿ, ಅದಕ್ಕೆ ಅಂಟಿಕೊಂಡು ಒಂದು ಎಳೆ ಹತ್ತಿ ಕಂಡಿತು. ನಮ್ಮ ಮನೆಯ ದೇವರ ದೀಪದ ಬತ್ತಿಯಂಥದೇ ಹತ್ತಿ. ತಂತಿ ತಾಗಿದ ಕಡೆ ಕಂದು ಬಣ್ಣಕ್ಕೆ ತಿರುಗಿ, ಸೀದ ಸಕ್ಕರೆಯ ವಾಸನೆ ಬರುತ್ತಿತ್ತು. ದ್ರವವನ್ನು ಹತ್ತಿ ಹೀರುತ್ತದೆ, ಬ್ಯಾಟರಿ ತಂತಿಯನ್ನು ಕಾಯಿಸುತ್ತದೆ. ಎಲ್ಲ ಕೆಲಸ ಇಷ್ಟೇ.

ಹತ್ತಿ ಕಂಡಾಗ ನನಗೆ ಅಪ್ಪನ ನೆನಪಾಯಿತು. ಅಪ್ಪ ಹತ್ತಿ ಜಿನ್ನಿನಲ್ಲಿ ಕೆಲಸಕ್ಕಿದ್ದ. ಎರೆಹೊಲಗಳ ಹತ್ತಿಯೆಲ್ಲ ಚಕ್ಕಡಿಗಳಲ್ಲಿ ಬಂದು ಬೀಳುವ ಕಾಲ. ಜಿನ್ನಿನ ಬಾಗಿಲಲ್ಲಿ ಕಾವಲುಗಾರ ಬೀಡಿ, ಕಡ್ಡಿಪೆಟ್ಟಿಗೆ ಇವೆಯೇ ಎಂದು ಜೇಬು ತಡಕಿಯೇ ಒಳಗೆ ಬಿಡುತ್ತಿದ್ದ. ಅಂಡಿಗೆಗೆ ಒಂದು ಕಿಡಿ ಹಾರಿದರೆ ಊರೇ ನಿದ್ದೆಗೆಡಬೇಕು. ಹಾಗಾಗಿ ಒಳಗಿನವರೆಲ್ಲ ಸುಣ್ಣ-ತಂಬಾಕಿನವರು. ರಾಮದುರ್ಗದಲ್ಲಿ ನಮ್ಮ ಸೋದರತ್ತೆಯ ಮನೆಯಲ್ಲೂ ಹೀಗೇ. ಮಾವ ಕುಣಿಮಗ್ಗದಲ್ಲಿ ಕೂತರೆ ದವಡೆ ಆಡುತ್ತಲೇ ಇರುತ್ತಿತ್ತು. ನೂಲಿನ ಹತ್ತಿರ ಬೆಂಕಿ ಸುಳಿಯುವಂತಿರಲಿಲ್ಲ.

ಅಪ್ಪನ ಎಲೆ-ಅಡಿಕೆಯ ಚಂಚಿ ಈಗಲೂ ನನ್ನ ಟ್ರಂಕಿನಲ್ಲಿದೆ. ಒಂದರೊಳಗೊಂದು ಹೊಲಿದ ನಾಲ್ಕು ಅರೆ. ಒಂದರಲ್ಲಿ ಎಲೆ, ಇನ್ನೊಂದರಲ್ಲಿ ಅಡಿಕೆ, ಮತ್ತೊಂದರಲ್ಲಿ ಸುಣ್ಣದ ಡಬ್ಬಿ, ಒಳಗಿನದರಲ್ಲಿ ತಂಬಾಕು. ಎಡ ಅಂಗೈಯಲ್ಲಿ ತಂಬಾಕು ಸುರಿದು, ಸುಣ್ಣ ಹಚ್ಚಿ, ಬಲಗೈ ಹೆಬ್ಬೆರಳಿನಿಂದ ಗಸಗಸ ತಿಕ್ಕಿ, ಎರಡು ಸಲ ತಟ್ಟಿ ಧೂಳು ಹಾರಿಸಿ ಕೆಳತುಟಿಯ ಹಿಂದೆ ಇಡುತ್ತಿದ್ದ. ಸುಣ್ಣ ರುಚಿಗೆ ಎಂದುಕೊಂಡಿದ್ದೆ. ಸುಣ್ಣದ ಕ್ಷಾರ ತಾಗಿದ ನಿಕೋಟಿನ್ ಬಾಯಿಯ ತೆಳುಪೊರೆಯಿಂದ ಬೇಗ ರಕ್ತಕ್ಕೆ ಇಳಿಯುತ್ತದೆ ಎಂದು ತಿಳಿದದ್ದು ನೌಕರಿಗೆ ಸೇರಿದ ಮೇಲೆ. ಮೊಮ್ಮಗನ ವೇಪಿನ ದ್ರವದಲ್ಲಿ ಇದರ ಉಲ್ಟಾ ಉಪಾಯವಿದೆ. ಬೆಂಜೋಯಿಕ್ ಆಮ್ಲ ಬೆರೆಸಿ ನಿಕೋಟಿನ್ನಿನ ಲವಣ ಮಾಡಿರುತ್ತಾರೆ. ಗಂಟಲಿಗೆ ಘಾಟು ತಾಗದು, ಆದ್ದರಿಂದ ಜಾಸ್ತಿ ಎಳೆಯಲು ಬರುತ್ತದೆ. ಅಪ್ಪನಿಗೆ ಕ್ಷಾರ, ಮೊಮ್ಮಗನಿಗೆ ಆಮ್ಲ.

ವೇಪಿನೊಳಗಿನ ಆ ಹತ್ತಿಯ ಬತ್ತಿ ನೋಡಿ ಸವದತ್ತಿಯೂ ನೆನಪಾಯಿತು. ಅದರ ಹಳೆಯ ಹೆಸರು ಸುಗಂಧವರ್ತಿ. ರಟ್ಟ ಅರಸರ ಶಾಸನಗಳಲ್ಲಿ ಹಾಗೆಯೇ ಬರುತ್ತದೆ. ಅವರು ವೇಣುಗ್ರಾಮಕ್ಕೆ, ಅಂದರೆ ಬೆಳಗಾವಿಗೆ, ಹೋಗುವ ಮೊದಲು ಅದೇ ರಾಜಧಾನಿ. ವರ್ತಿ ಎಂದರೆ ಬತ್ತಿ. ಊರಿಗೆ ಆ ಹೆಸರು ಹೇಗೆ ಬಂತೋ ಅದು ಬೇರೆ ಮಾತು. ಆದರೆ ಸುಗಂಧದ ಬತ್ತಿ ಸೇದುವುದು ಈ ದೇಶಕ್ಕೆ ಹೊಸದಲ್ಲ. ಗಿಡಮೂಲಿಕೆಗಳನ್ನು ಅರೆದು ಜೊಂಡಿನ ಕಡ್ಡಿಗೆ ಮೆತ್ತಿ, ಒಣಗಿದ ಮೇಲೆ ಕಡ್ಡಿ ತೆಗೆದು, ತುಪ್ಪ ಸವರಿ ನಳಿಕೆಯಲ್ಲಿಟ್ಟು ಸೇದುವ ಧೂಮವರ್ತಿಯನ್ನು ಚರಕಸಂಹಿತೆಯೇ ಹೇಳುತ್ತದೆ. ದಿನದಲ್ಲಿ ಯಾವ ಹೊತ್ತಿಗೆ ಸೇದಬೇಕು, ಅತಿಯಾದರೆ ಏನಾಗುತ್ತದೆ ಎಂಬುದನ್ನೂ ಬರೆದಿಟ್ಟಿದೆ. ರಟ್ಟರ ಒಡೆಯರಾದ ಕಲ್ಯಾಣದ ಚಾಲುಕ್ಯರಲ್ಲಿ ಮೂರನೇ ಸೋಮೇಶ್ವರ ಬರೆಸಿದ ಮಾನಸೋಲ್ಲಾಸದಲ್ಲಿ ತಾಂಬೂಲಕ್ಕೂ ಧೂಪಕ್ಕೂ ಬೇರೆಬೇರೆ ಭಾಗಗಳಿವೆ. ಅದರಲ್ಲೆಲ್ಲೂ ತಂಬಾಕಿಲ್ಲ. ಅದಿನ್ನೂ ಅಮೆರಿಕ ಬಿಟ್ಟು ಬಂದಿರಲಿಲ್ಲ.

ತಂಬಾಕು ಪೋರ್ಚುಗೀಸರೊಂದಿಗೆ ಬಂತು. 1604ರ ಸುಮಾರಿಗೆ ಅಕ್ಬರನ ದೂತ ಅಸದ್ ಬೇಗ್ ವಿಜಯಪುರದಲ್ಲಿ ಅದನ್ನು ಮೊದಲ ಬಾರಿಗೆ ಕಂಡ. ಉತ್ತರದಲ್ಲಿ ಅದನ್ನು ಅವನು ನೋಡಿಯೇ ಇರಲಿಲ್ಲ. ಆಗ ಕಿತ್ತೂರು, ಬೈಲಹೊಂಗಲ, ರಾಮದುರ್ಗ, ಸವದತ್ತಿ ಈ ನಾಲ್ಕೂ ಊರಿನ ಸೀಮೆ ಆದಿಲ್‌ಶಾಹಿಯದು. 1585ರಲ್ಲಿ ಸಂಪಗಾವಿಗೆ ಬಂದು ನೆಲೆಸಿದ ಕಿತ್ತೂರು ದೇಸಾಯರ ಮನೆತನಕ್ಕೆ ಇನ್ನೂ ಇಪ್ಪತ್ತು ವರ್ಷ ತುಂಬಿರಲಿಲ್ಲ. ಅಸದ್ ಬೇಗ್ ರತ್ನ ಕೆತ್ತಿದ ಕೊಳವೆ ಮಾಡಿಸಿ, ತಂಬಾಕಿನ ಜೊತೆ ಬಾದಶಹನ ಮುಂದಿಟ್ಟ. ಅಕ್ಬರ್ ಎರಡು ಮೂರು ದಮ್ಮು ಎಳೆದಾಗ ಆಸ್ಥಾನದ ಹಕೀಮ ತಡೆದ. ನಮ್ಮ ಹಿರಿಯ ವೈದ್ಯರು ಪರೀಕ್ಷಿಸದ ವಸ್ತುವನ್ನು ಪರಂಗಿಯವರು ಸೇದುತ್ತಾರೆಂದು ನಾವು ಸೇದಬೇಕಿಲ್ಲ ಎಂಬುದು ಅವನ ವಾದ. ಬಾದಶಹ ಬಿಟ್ಟ, ದರ್ಬಾರಿನವರು ಬಿಡಲಿಲ್ಲ. ಆ ಹಕೀಮನ ಹೆಸರು ಜನಕ್ಕೆ ಗೊತ್ತಿಲ್ಲ ಎಂಬುದು ನನಗೆ ನೋವಿನ ಸಂಗತಿ.

ಮುಂದೆ ಹುಕ್ಕಾ ಹರಡಿದ್ದು ಒಂದು ನಂಬಿಕೆಯ ಮೇಲೆ. ನೀರಿನಲ್ಲಿ ಹಾದು ಬಂದ ಹೊಗೆ ತೊಳೆದುಕೊಂಡು ಬರುತ್ತದಂತೆ. ನೀರು ಹೊಗೆಯನ್ನು ತಂಪು ಮಾಡುತ್ತದೆ. ಇಂಗಾಲದ ಮಾನಾಕ್ಸೈಡನ್ನು ಅದು ಹಿಡಿದಿಡುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ ತಂಬಾಕಿನ ಊರೆಂದರೆ ನಿಪ್ಪಾಣಿ. ಬೀಡಿಗೆ ಹಾಕುವ ತಂಬಾಕಿನ ದೊಡ್ಡ ಪೇಟೆ. ಬೆಲೆ ಸಿಗದ ರೈತರು 1981ರಲ್ಲಿ ರೈತ ನಾಯಕ ಶರದ್ ಜೋಶಿಯವರ ಜೊತೆ ಪುಣೆ-ಬೆಂಗಳೂರು ಹೆದ್ದಾರಿಯಲ್ಲೇ ಠಿಕಾಣಿ ಹೂಡಿದರು. ಏಪ್ರಿಲ್ 6ರಂದು ಗೋಲಿಬಾರ್ ಆಗಿ ರೈತರು ಸತ್ತರು. ವಖಾರಿಗಳಲ್ಲಿ ತಂಬಾಕಿನ ಧೂಳು ಕುಡಿದು ದುಡಿಯುತ್ತಿದ್ದ ಹೆಂಗಸರೂ ಆ ಹೊತ್ತಿಗೆ ಸಂಘ ಕಟ್ಟಿ ಹೋರಾಡುತ್ತಿದ್ದರು. ಯುಗಾಂತರ್ ಎಂಬ ಮಹಿಳೆಯರ ತಂಡ 1982ರಲ್ಲಿ ಅವರ ಬಗ್ಗೆ ಚಿತ್ರ ಮಾಡಿತು. ತಂಬಾಕು ಬೆಳೆದವರನ್ನೂ ವಖಾರಿಯಲ್ಲಿ ಅದನ್ನು ಬಡಿದವರನ್ನೂ ಬಲ್ಲ ನನಗೆ ತಂಬಾಕನ್ನು ಬೈಯುವಾಗ ಅವರನ್ನು ಬೈಯಲು ಮನಸ್ಸು ಒಪ್ಪುವುದಿಲ್ಲ.

ಆದರೆ ದವಾಖಾನೆಯಲ್ಲಿ ನಾನು ತಂಬಾಕಿನವರ ಕಾಲುಗಳನ್ನೂ ನೋಡಿದ್ದೇನೆ. ಚಕ್ಕಡಿ ಹೊಡೆಯುವವನೊಬ್ಬ ಬಂದಿದ್ದ. ವಯಸ್ಸು ಮೂವತ್ತಾರು, ದಿನಕ್ಕೆ ಎರಡು ಕಟ್ಟು ಬೀಡಿ. ನಡೆದರೆ ಮೀನಖಂಡ ಹಿಡಿಯುತ್ತದೆ, ರಾತ್ರಿ ಬೆರಳು ಉರಿಯುತ್ತದೆ ಎನ್ನುತ್ತಿದ್ದ. ಪಾದದ ಮೇಲ್ಭಾಗದಲ್ಲಿ, ಹೆಬ್ಬೆರಳಿನ ನೇರಕ್ಕೆ, ನಾಡಿ ಸಿಗಬೇಕು. ಬೆರಳಿಟ್ಟು ಎಷ್ಟು ಹೊತ್ತು ಕೂತರೂ ಏನೂ ತಾಗಲಿಲ್ಲ. ಪಾದ ತಣ್ಣಗಿತ್ತು, ಕಿರುಬೆರಳು ಒಣಖರ್ಜೂರದಂತೆ ಕಪ್ಪಾಗಿತ್ತು. ನ್ಯೂಯಾರ್ಕಿನ ವೈದ್ಯ ಲಿಯೊ ಬರ್ಗರ್ 1908ರಲ್ಲಿ ವಿವರಿಸಿದ ರೋಗವದು. ಹೆಚ್ಚಾಗಿ ತಂಬಾಕಿನ ಚಟವಿರುವ ಹರೆಯದ ಗಂಡಸರಿಗೆ ಬರುತ್ತದೆ. ಕೈಕಾಲಿನ ಸಣ್ಣ ರಕ್ತನಾಳಗಳು ಊದಿಕೊಂಡು, ರಕ್ತ ಹೆಪ್ಪುಗಟ್ಟಿ ಮುಚ್ಚಿಹೋಗುತ್ತವೆ. ತಂಬಾಕು ಪೂರ್ತಿ ಬಿಡದೆ ಯಾವ ಔಷಧವೂ ನಾಟುವುದಿಲ್ಲ. ಅವನ ಬೆರಳು ತೆಗೆದ ಮೂರನೇ ದಿನ ಡ್ರೆಸಿಂಗ್ ಮಾಡಲು ಹೋದರೆ ಹಾಸಿಗೆ ಖಾಲಿ. ಸಂಡಾಸಿನ ಹಿಂದೆ ಗೋಡೆಗೆ ಆತುಕೊಂಡು ಬೀಡಿ ಎಳೆಯುತ್ತಿದ್ದ. ನನ್ನನ್ನು ಕಂಡು ಅತ್ತ.

ಮೊಮ್ಮಗನಿಗೆ ಇದನ್ನು ಹೇಳಿದೆ. "ಅದು ಬೀಡಿ ಅಜ್ಜಾ" ಎಂದ. ಅವನ ಮಾತಿನಲ್ಲೂ ಸತ್ಯವಿದೆ. ವೇಪಿನಲ್ಲಿ ಎಲೆ ಸುಡುವುದಿಲ್ಲ, ಟಾರ್ ಇಲ್ಲ, ಮಾನಾಕ್ಸೈಡ್ ಬೀಡಿಯಷ್ಟಿಲ್ಲ. ಬ್ರಿಟನ್ನಿನಲ್ಲಿ ಸಿಗರೇಟು ಬಿಡಿಸಲು ಅದನ್ನೇ ಕೊಡುವುದೂ ಉಂಟು. ಆದರೆ ಸಿಗರೇಟನ್ನೇ ಮುಟ್ಟದ ಇಪ್ಪತ್ತರ ಹುಡುಗನಿಗೆ ಆ ಲೆಕ್ಕ ಎಲ್ಲಿ ಹೊಂದುತ್ತದೆ? ಇನ್ನು ಅದು ಉಗಿಯಂತೂ ಅಲ್ಲ. ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ವಾಸನೆಯ ರಾಸಾಯನಿಕ ಎಲ್ಲ ಕಾದು ಎದ್ದ ಸಣ್ಣ ಹನಿಗಳ ಮಂಜು. ಅದರೊಳಗಿನ ನಿಕೋಟಿನ್ ಅಡ್ರಿನಲಿನ್ ಎಬ್ಬಿಸುತ್ತದೆ, ನಾಡಿ ಓಡುತ್ತದೆ, ನಾಳ ಬಿಗಿಯುತ್ತದೆ, ರಕ್ತದೊತ್ತಡ ಏರುತ್ತದೆ. ರಕ್ತನಾಳದ ಒಳಮೈಯಲ್ಲಿ ಒಂದೇ ಜೀವಕೋಶದಷ್ಟು ದಪ್ಪದ ಪೊರೆಯಿದೆ. ರಕ್ತ ಜೋರಾಗಿ ಹರಿದಾಗ ನಾಳವನ್ನು ಸಡಿಲಿಸಿ ದಾರಿ ಬಿಡಿಸುವುದು ಅದರ ಕೆಲಸ. 2019ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಧೂಮಪಾನ ಮಾಡದ 31 ಆರೋಗ್ಯವಂತರಿಗೆ ನಿಕೋಟಿನ್ ಇಲ್ಲದ ವೇಪನ್ನೇ ಒಂದು ಸಲ ಸೇದಿಸಿ, ತೊಡೆಗೆ ಪಟ್ಟಿ ಬಿಗಿದು ಬಿಟ್ಟು ನೋಡಿದರು. ತೊಡೆಯ ನಾಳ ಹಿಗ್ಗುವುದು ಸರಾಸರಿ ಶೇ. 34ರಷ್ಟು ಕುಗ್ಗಿತ್ತು. ಅದು ಸ್ವಲ್ಪ ಹೊತ್ತಿನ ಪರಿಣಾಮ, ನಿಜ. ಆದರೆ ಹುಡುಗ ದಿನಕ್ಕೆ ಒಂದೇ ಸಲ ಸೇದುವುದಿಲ್ಲವಲ್ಲ.

ಕರ್ನಾಟಕ ವೇಪಿನ ಮಾರಾಟವನ್ನು 2016ರಲ್ಲೇ ನಿಷೇಧಿಸಿತು. 2019ರ ಸೆಪ್ಟೆಂಬರ್ 18ರ ಸುಗ್ರೀವಾಜ್ಞೆಯಿಂದ ದೇಶಕ್ಕೆಲ್ಲ ನಿಷೇಧ ಬಂತು, ಡಿಸೆಂಬರಿನಲ್ಲಿ ಕಾಯ್ದೆಯಾಯಿತು. ಮಾರಿದವರಿಗೆ ಮೊದಲ ಸಲಕ್ಕೇ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ. ಎಲ್ಲಿ ಸಿಕ್ಕಿತು ಎಂದು ಕೇಳಿದರೆ ಹುಡುಗ ಮಾತು ಮರೆಸಿದ.

ಹೊರಡುವ ದಿನ ಅಪ್ಪನ ಚಂಚಿ ತೋರಿಸಿದೆ. ಒಳ ಅರೆಗೆ ಮೂಗು ಹಚ್ಚಿ, "ಇನ್ನೂ ವಾಸನಿ ಐತಲ್ಲಜ್ಜಾ" ಎಂದ. ಅಪ್ಪ ಎದೆನೋವೆಂದು ಜಿನ್ನಿನ ಬಾಗಿಲಲ್ಲೇ ಕುಸಿದಾಗ ಅವನಿಗೆ 58. ಆ ಚಂಚಿ ಸೊಂಟದಲ್ಲೇ ಇತ್ತು.

ಮಣಿಕಟ್ಟಿನಲ್ಲಿ ಬೆರಳಿಟ್ಟು ನಾಡಿ ಎಣಿಸುವುದನ್ನು ಅವನಿಗೆ ಕಲಿಸಿ ಕಳಿಸಿದೆ. ಈಗ ಭಾನುವಾರ ಮುಂಜಾನೆ ಫೋನ್ ಮಾಡಿದಾಗ ಲೆಕ್ಕ ಹೇಳುತ್ತಾನೆ. ಹೋದ ವಾರ 76 ಎಂದ. ಸೇದಿ ಎಷ್ಟು ಹೊತ್ತಾಯಿತು ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿನ್ನಿ ರಾತ್ರಿ, ಅಜ್ಜಾ" ಎಂದ.