ಜಾವಾ ನಿಂತಿತು, ರಜೆ ಬಾಕಿ ಉಳಿಯಿತು

ಮೈಸೂರಿನ ಗೋಕುಲಂ ಎಂದರೆ ಈಗ ಯೋಗದ ಚಾಪೆ ಹೊತ್ತ ವಿದೇಶಿಯರು, ಅವರನ್ನು ನೆಚ್ಚಿಕೊಂಡ ಕೆಫೆಗಳು. ಪಟ್ಟಾಭಿ ಜೋಯಿಸರ ಯೋಗಶಾಲೆ ಲಕ್ಷ್ಮೀಪುರಂನಿಂದ ಇಲ್ಲಿಗೆ ಬಂದದ್ದು 2002ರಲ್ಲಿ. ಅದಕ್ಕೂ ಮುಂಚೆ ಈ ಕಡೆಯ ಬೆಳಗು ಶುರುವಾಗುತ್ತಿದ್ದುದು ಕಾರ್ಖಾನೆಯ ಶಿಫ್ಟಿನಿಂದ. ಜಯಚಾಮರಾಜ ಒಡೆಯರು 1961ರಲ್ಲಿ ಉದ್ಘಾಟಿಸಿದ ಐಡಿಯಲ್ ಜಾವಾ ಬೈಕ್ ಕಾರ್ಖಾನೆ ಪಕ್ಕದ ಯಾದವಗಿರಿಯಲ್ಲೇ ಇತ್ತು. ಕೆಆರ್‌ಎಸ್ ರಸ್ತೆಯಲ್ಲಿ ಇನ್ನಷ್ಟು ಮುಂದೆ ಹೋದರೆ ಮೇಟಗಳ್ಳಿಯ ಫಾಲ್ಕನ್ ಟೈರ್ಸ್.

ಜಾವಾ ಶುರುವಾಗುವ ಹೊತ್ತಿಗೆ ಸಂಬಳಸಹಿತ ರಜೆ ಇನ್ನೂ ಹೊಸ ಹಕ್ಕೇ. ಭಾರತದ ಕಾರ್ಖಾನೆ ಕಾರ್ಮಿಕರಿಗೆ ವರ್ಷಕ್ಕೆ 10 ದಿನ ಅಂಥ ರಜೆ ಸಿಕ್ಕಿದ್ದು ಆಗಿನ ಕಾರ್ಖಾನೆ ಕಾಯ್ದೆಯ 1945ರ ತಿದ್ದುಪಡಿಯಲ್ಲಿ.

1948ರ ಕಾರ್ಖಾನೆ ಕಾಯ್ದೆ ಅದಕ್ಕೊಂದು ಲೆಕ್ಕ ಕಟ್ಟಿತು. ವರ್ಷದಲ್ಲಿ 240 ದಿನ ದುಡಿದವನಿಗೆ ಮರುವರ್ಷ ಪ್ರತಿ 20 ದಿನದ ದುಡಿಮೆಗೆ ಒಂದು ದಿನ ರಜೆ: 300 ದಿನ ದುಡಿದರೆ 15 ಗಳಿಕೆ ರಜೆ (ಇ.ಎಲ್.). ತೆಗೆದುಕೊಳ್ಳದೆ ಉಳಿದದ್ದು 30 ದಿನದವರೆಗೆ ಮುಂದಿನ ವರ್ಷಕ್ಕೆ ಹೋಗುತ್ತಿತ್ತು. ಕೆಲಸ ಬಿಟ್ಟರೂ, ತೆಗೆದುಹಾಕಿದರೂ ಉಳಿದ ರಜೆಯ ಹಣವನ್ನು ಎರಡನೇ ಕೆಲಸದ ದಿನ ಮುಗಿಯುವುದರೊಳಗೆ ಕೊಡಬೇಕಿತ್ತು. ಕಾರ್ಮಿಕ ತೀರಿಕೊಂಡರೆ ಮನೆಯವರಿಗೆ ಎರಡು ತಿಂಗಳೊಳಗೆ. ಅಂದರೆ ಅದು ಮಾಲೀಕರು ಖುಷಿಯಿಂದ ಕೊಡುವ ಇನಾಮಲ್ಲ, ಆಗಲೇ ದುಡಿದ ಸಂಬಳ.

ಕಾರ್ಖಾನೆ ನಡೆಯುತ್ತಿರುವವರೆಗೆ ಇದೆಲ್ಲ ಸರಿ. ಮೇನೇಜರ್ ಕೊಡದಿದ್ದರೆ ಲೇಬರ್ ಆಫೀಸಿತ್ತು, 1936ರ ವೇತನ ಪಾವತಿ ಕಾಯ್ದೆಯಡಿ ಅರ್ಜಿ ಹಾಕಬಹುದಿತ್ತು. ಆದರೆ 1996ರಲ್ಲಿ ಜಾವಾದ ಗೇಟೇ ಮುಚ್ಚಿತು. 2001ರಲ್ಲಿ ಹೈಕೋರ್ಟ್ ಕಂಪನಿಯ ಸಮಾಪನಕ್ಕೆ ಆದೇಶಿಸಿತು. ಇನ್ನು ಕೇಳುವುದು ಯಾರನ್ನು? ಅಧಿಕೃತ ಸಮಾಪಕರನ್ನು, ಅಂದರೆ ಕಂಪನಿಯ ಆಸ್ತಿ ಮಾರಿ ಸಾಲ ತೀರಿಸಲು ನೇಮಕವಾದ ಅಧಿಕಾರಿಯನ್ನು.

ಅಲ್ಲೂ ಸರತಿಯಿದೆ. 1956ರ ಕಂಪನಿ ಕಾಯ್ದೆಯಲ್ಲಿ ಅಡಮಾನ ಹಿಡಿದ ಬ್ಯಾಂಕುಗಳು ಮುಂದೆ, ಕಾರ್ಮಿಕರು ಹಿಂದೆ. 1985ರ ತಿದ್ದುಪಡಿ ಕಾರ್ಮಿಕರ ಬಾಕಿಯನ್ನು ಬ್ಯಾಂಕಿನ ಸಾಲದ ಸಮಕ್ಕೆ ತಂದಿತು. ಸಂಬಳ, ಗ್ರಾಚ್ಯುಟಿ, ಪಿ.ಎಫ್. ಜೊತೆಗೆ ಕೂಡಿಬಿದ್ದ ರಜೆಯ ಹಣವನ್ನೂ ಆ ಬಾಕಿಯಲ್ಲಿ ಹೆಸರಿಸಿಯೇ ಸೇರಿಸಿತು. ಜಾವಾ ಕಾರ್ಮಿಕರಂಥವರಿಗೆ ಇದ್ದ ದೊಡ್ಡ ಆಸರೆ ಇದೇ. ಸಮ ಎಂದರೆ ಪೂರ್ತಿ ಸಿಗುತ್ತದೆ ಎಂದಲ್ಲ, ಆಸ್ತಿ ಸಾಲದಿದ್ದರೆ ಇಬ್ಬರಿಗೂ ಪಾಲಿನಷ್ಟೇ. ಹಾಗಾಗಿಯೇ ಕಂಪನಿಯದೆಂದು ಏನೇನಿದೆ ಎಂಬ ಪ್ರಶ್ನೆಗೆ ಅಷ್ಟು ತೂಕ. 2022ರ ಡಿಸೆಂಬರಿನಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ಬೈಕುಗಳ ‘ಯೆಜ್ಡಿ’ ಎಂಬ ಹೆಸರೂ ಸಮಾಪನದಲ್ಲಿರುವ ಐಡಿಯಲ್ ಜಾವಾದ ಸ್ವತ್ತೇ ಎಂದಿತು. ವ್ಯಾಜ್ಯ ಮೇಲ್ಮನವಿಗೆ ಹೋಯಿತು. ಗೇಟು ಮುಚ್ಚಿ ಆಗಲೇ 26 ವರ್ಷ ಕಳೆದಿತ್ತು.

ಗೋಕುಲಂನ ಈಗಿನ ಕೆಲಸಗಾರರು, ಅಂದರೆ ಕೆಫೆಯ ಅಡುಗೆಯವರು, ಗೆಸ್ಟ್‌ಹೌಸಿನ ರಿಸೆಪ್ಷನ್‌ನವರು, ಕಾರ್ಖಾನೆ ಕಾಯ್ದೆಗೆ ಸೇರಿದವರಲ್ಲ. ಅವರಿಗೆ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಿದೆ. ಅಲ್ಲೂ 20ಕ್ಕೆ ಒಂದರ ಲೆಕ್ಕವೇ. ಆದರೆ ಹಾಜರಿ ಬರೆಯದ ಕಡೆ ಆ ಲೆಕ್ಕ ಹಾಕುವವರಾರು?

2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ರಜೆಗೆ ಬೇಕಾದ 240 ದಿನ 180ಕ್ಕೆ ಇಳಿಯಿತು, ಎರಡು ದಿನದ ಗಡುವು ಹಾಗೇ ಉಳಿಯಿತು. ವೇತನ ಬಾಕಿ ಕೇಳಲು ಹಿಂದೆ ಇದ್ದ 12 ತಿಂಗಳ ಅವಧಿ ವೇತನ ಸಂಹಿತೆಯಲ್ಲಿ 3 ವರ್ಷವಾಗಿದೆ. ಕೆಲಸ ಬಿಡುವವರು ಸಂಬಳದ ಚೀಟಿ, ಹಾಜರಿಯ ಫೋಟೊ, ರಜೆ ಅರ್ಜಿಯ ಪ್ರತಿ ಇವನ್ನು ಆ ಮೂರು ವರ್ಷವಾದರೂ ಜೋಪಾನವಾಗಿ ಇಟ್ಟುಕೊಳ್ಳಲಿ.