ಕನ್ನಡನಾಡಿನ ಅಂಗಸಾಧನೆ

ಮೇಜಿನ ಮುಂದೆ ಕುಳಿತು ಹಗಲನ್ನು ಕಳೆಯುವ ನಮ್ಮಂತಹವರು ಅಂಗಸಾಧನೆಯ ಮಾತು ಬಂದೊಡನೆ ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಅವೇ. ಎಷ್ಟು ಭಾರವನ್ನು ಎತ್ತಬೇಕು? ಮಾಂಸಖಂಡಗಳು ಬಲಿತರೆ ಮೈ ಬಗ್ಗದೆ ಹೋಗುವುದೆ? ಏನನ್ನು ತಿನ್ನಬೇಕು? ವಯಸ್ಸಾದವರಿಗೆ ಇದೆಲ್ಲ ಏಕೆ? ಇವು ಹೊಸ ಕಾಲದ ಪ್ರಶ್ನೆಗಳಲ್ಲ. ನಮ್ಮ ನಾಡಿನ ಅರಸರಿಗೂ ಜಟ್ಟಿಗಳಿಗೂ ವೈದ್ಯರಿಗೂ ಇವು ಎದುರಾಗಿದ್ದುವು. ಅವರು ಕಂಡುಕೊಂಡ ಉತ್ತರಗಳಲ್ಲಿ ಕೆಲವು ಇಂದಿಗೂ ನಿಲ್ಲುತ್ತವೆ; ಒಂದು ಮಾತ್ರ ನಿಲ್ಲುವುದಿಲ್ಲ.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಮೊದಲರ್ಧದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲರ ವಿಚಾರಕ್ಕೆಂದೇ ಒಂದು ಭಾಗವುಂಟು. ಅಲ್ಲಿ ಹೇಳಿರುವ ಸಾಧನೆಗಳಲ್ಲಿ ಮರಳುಚೀಲವನ್ನು ಎತ್ತುವ ಭಾರಶ್ರಮ ಒಂದು. ಉಳಿದವು ನಡಿಗೆ, ಈಜು, ತೋಳಿಗೆ ತೋಳು ಕೊಟ್ಟು ನೂಕುವುದು, ಕಂಬವನ್ನು ಏರುವುದು. ಮಲ್ಲನೆಂದರೆ ಭಾರ ಹೊರುವವನು ಮಾತ್ರವೆಂದು ಆ ದೊರೆಯು ಎಣಿಸಲಿಲ್ಲವೆಂಬುದು ಇದರಿಂದ ಸ್ಪಷ್ಟ.

ಭಾರದ ಮೇರೆಯನ್ನು ಗೊತ್ತುಮಾಡಿದವರು ವೈದ್ಯರು. ಸುಶ್ರುತನೂ ವಾಗ್ಭಟನೂ ಶಕ್ತಿಯ ಅರ್ಧದಷ್ಟು ಮಾತ್ರವೇ ವ್ಯಾಯಾಮ ಮಾಡತಕ್ಕದ್ದೆಂದು ವಿಧಿಸಿದರು. ಅರ್ಧವೆಂಬುದನ್ನು ಅಳೆಯುವುದು ಹೇಗೆ? ಎದೆಯಲ್ಲಿದ್ದ ಉಸಿರು ಬಾಯಿಗೆ ಬರತೊಡಗಿದಾಗ ಅರ್ಧಶಕ್ತಿ ಮುಗಿಯಿತೆಂದು ಸುಶ್ರುತನ ಲಕ್ಷಣ. ಗಡಿಯಾರವೂ ತಕ್ಕಡಿಯೂ ಬೇಡದ ಅಳತೆಯಿದು. ಬಲವು ಹೆಚ್ಚಬೇಕಾದರೆ ಪ್ರತಿಸಲವೂ ಮೈ ಸೋತು ಬೀಳುವವರೆಗೆ ದುಡಿಯಬೇಕಾಗಿಲ್ಲವೆಂದು ಈಚಿನ ಪರೀಕ್ಷೆಗಳೂ ಹೇಳುತ್ತವೆ. ಆದರೆ ಎತ್ತುವ ಭಾರವನ್ನು ಕ್ರಮಕ್ರಮವಾಗಿ ಏರಿಸದಿದ್ದರೆ ಬಲವೂ ಏರದು.

ವಿಜಯನಗರದಲ್ಲಿ ಈ ಮೇರೆಯನ್ನು ಮೀರಿದ ಶಿಷ್ಯನೊಬ್ಬನಿದ್ದನು, ಅವನೇ ಕೃಷ್ಣದೇವರಾಯ. 1520ರ ಸುಮಾರಿನಲ್ಲಿ ಅವನನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಿಸನು ಅರಸನ ಬೆಳಗಿನ ದಿನಚರಿಯನ್ನು ಬರೆದಿಟ್ಟಿದ್ದಾನೆ. ಅರಸನು ನಸುಕಿಗೆ ಮುಂಚೆಯೇ ಎದ್ದು ಎಳ್ಳೆಣ್ಣೆಯನ್ನು ಕುಡಿಯುವನು. ಅದನ್ನೇ ಮೈಗೆಲ್ಲ ಬಳಿದುಕೊಳ್ಳುವನು. ಮಣ್ಣಿನಿಂದ ಮಾಡಿದ ದೊಡ್ಡ ಭಾರಗಳನ್ನು ತೋಳುಗಳಲ್ಲಿ ಎತ್ತುವನು. ಆ ಎಣ್ಣೆಯೆಲ್ಲ ಬೆವರಾಗಿ ಹೋಗುವವರೆಗೆ ಕತ್ತಿಯನ್ನು ಬೀಸುವನು. ಬಳಿಕ ಜಟ್ಟಿಯೊಬ್ಬನೊಡನೆ ಕುಸ್ತಿ. ಆಮೇಲೆ ಬೆಳಕು ಹರಿಯುವವರೆಗೆ ಕುದುರೆಯ ಓಟ. ಕುಡಿದ ಎಣ್ಣೆಯ ಪ್ರಮಾಣ, 1900ರಲ್ಲಿ ಸೀವೆಲ್ ಮಹಾಶಯನು ಪ್ರಕಟಿಸಿದ ಇಂಗ್ಲಿಷ್ ಅನುವಾದದಂತೆ, ಮುಕ್ಕಾಲು ಪೈಂಟು. ಎಂದರೆ 400 ಮಿಲಿಲೀಟರಿಗೂ ಮಿಕ್ಕಿತು. ಇಂದಿನ ಲೆಕ್ಕದಲ್ಲಿ 3000ಕ್ಕೂ ಮೇಲ್ಪಟ್ಟ ಕ್ಯಾಲರಿ! ಅರಸನು ತೆಳ್ಳಗಿರುವುದಕ್ಕಿಂತ ಸ್ಥೂಲನೆಂದೇ ಹೇಳಬೇಕೆಂದು ಅದೇ ಪಾಯಿಸನು ಬರೆದಿರುವುದರಲ್ಲಿ ನಮಗೆ ಆಶ್ಚರ್ಯವಿಲ್ಲ.

ಸ್ನಿಗ್ಧಾಹಾರವುಳ್ಳವನೇ ವ್ಯಾಯಾಮಕ್ಕೆ ಅರ್ಹನೆಂದು ವಾಗ್ಭಟನು ಹೇಳಿದ್ದನಾದುದರಿಂದ ಅರಸನ ಎಣ್ಣೆಗೆ ಶಾಸ್ತ್ರದ ಬೆಂಬಲವೇನೋ ಇತ್ತು. ಆದರೆ ಮಾಂಸಖಂಡವು ಕಟ್ಟಲ್ಪಡುವುದು ಜಿಡ್ಡಿನಿಂದಲ್ಲ, ಸಸಾರಜನಕದಿಂದ. ಸಾಧನೆ ಮಾಡುವವನ ಮೈತೂಕದ ಕಿಲೋ ಒಂದಕ್ಕೆ ದಿನಕ್ಕೆ 1.6 ಗ್ರಾಮಿನವರೆಗೆ ಅದು ಪ್ರಯೋಜನಕಾರಿಯೆಂದು 2018ರಲ್ಲಿ ಹಲವು ಪರೀಕ್ಷೆಗಳನ್ನು ಕೂಡಿಸಿ ನೋಡಿದವರು ಕಂಡರು. ನೂರು ಗ್ರಾಂ ರಾಗಿಯಲ್ಲಿ ಅದು ಸುಮಾರು 7 ಗ್ರಾಂ. ಅಷ್ಟೇ ಹುರುಳಿಯಲ್ಲಿ 20ಕ್ಕೂ ಹೆಚ್ಚು. ಗರಡಿಯ ಹುಡುಗರು ನೆನೆಸಿದ ಕಡಲೆಯನ್ನೂ ಹಾಲನ್ನೂ ನೆಚ್ಚಿದ್ದುದು ದೊರೆಯ ಎಣ್ಣೆಗಿಂತ ಹೆಚ್ಚಿನ ಜಾಣತನವೆಂದು ನಮ್ಮ ಅಭಿಪ್ರಾಯ.

ಇನ್ನು ಮೈ ಬಿಗಿಯುವ ಭಯ. ಕುಕ್ಕರಗಾಲಿಗೆ ಇಳಿದು ಏಳುವ ಬಸ್ಕಿಯನ್ನೂ ನೆಲಕ್ಕೆ ಬಾಗಿ ಮೇಲೇಳುವ ದಂಡವನ್ನೂ ನೋಡಿದವರಿಗೆ ಈ ಭಯವಿರಲಾರದು. ಕೀಲು ತನ್ನ ಪೂರ್ಣ ಸುತ್ತನ್ನು ಸುತ್ತಿ ದುಡಿದರೆ ಬಲದೊಡನೆ ಬಾಗುವಿಕೆಯೂ ಬೆಳೆಯುತ್ತದೆ. ಬೆಂಗಳೂರಿನ ಕೆ. ವಿ. ಅಯ್ಯರ್ ಅವರು, ‘ಶಾಂತಲಾ’ ಕಾದಂಬರಿಯ ಕರ್ತೃಗಳಾದ ಅವರೇ, ಕಬ್ಬಿಣದ ಭಾರಗಳನ್ನೂ ಸೂರ್ಯನಮಸ್ಕಾರವನ್ನೂ ಒಂದೇ ವ್ಯಾಯಾಮಶಾಲೆಯಲ್ಲಿ ಕಲಿಸಿದರು. ಮೈಸೂರಿನಲ್ಲಿ ತಿರುಮಲೆ ಕೃಷ್ಣಮಾಚಾರ್ಯರ ‘ಯೋಗ ಮಕರಂದ’ವು ಕನ್ನಡದಲ್ಲಿ ಪ್ರಕಟವಾದುದೂ ಆ ಕಾಲದಲ್ಲಿಯೇ, 1934ರಲ್ಲಿ.

ನಿಲ್ಲದ ಉತ್ತರವೊಂದುಂಟೆಂದೆವಲ್ಲವೆ? ಬಾಲಕರೂ ವೃದ್ಧರೂ ವ್ಯಾಯಾಮವನ್ನು ಬಿಡತಕ್ಕದ್ದೆಂದು ವಾಗ್ಭಟನ ನಿಷೇಧ. ನಮ್ಮ ಮನೆಗಳಲ್ಲಿ ಅದು ಶಾಸ್ತ್ರವನ್ನು ಓದದವರ ಬಾಯಲ್ಲಿಯೂ ಉಳಿದಿದೆ. ‘ಈ ವಯಸ್ಸಿನಲ್ಲಿ ನಿಮಗೇಕೆ, ಸುಮ್ಮನೆ ಕುಳಿತಿರಿ’ ಎಂದು ನಾವು ತಂದೆತಾಯಿಗಳಿಗೆ ಹೇಳುತ್ತೇವೆ. ಅವರು ಕುಳಿತೇ ಇರುತ್ತಾರೆ. ಒಂದು ದಿನ ನೆಲದಿಂದ ಏಳಲಾರದವರಾಗುತ್ತಾರೆ. 1990ರಲ್ಲಿ ಅಮೆರಿಕದ ಬಾಸ್ಟನ್ನಿನ ವೈದ್ಯರು ವೃದ್ಧಾಶ್ರಮವೊಂದರ ಹತ್ತು ಮಂದಿ ದುರ್ಬಲರಿಂದ, ಸರಾಸರಿ 90 ವರ್ಷದವರಿಂದ, ಎಂಟು ವಾರ ಕಾಲುಗಳಿಂದ ಭಾರ ಎತ್ತಿಸಿದರು. ಕೊನೆಯವರೆಗೆ ನಿಂತವರು ಒಂಬತ್ತು ಮಂದಿ. ಅವರ ಕಾಲಿನ ಬಲವು ಸರಾಸರಿ ನೂರಕ್ಕೆ 174ರಷ್ಟು ಹೆಚ್ಚಿತು. ಅವರಲ್ಲಿ ಇಬ್ಬರು ಊರುಗೋಲನ್ನು ಬಿಟ್ಟು ನಡೆದರು.