ಮಾರುವ ಮನೆಗೆ ಸುಣ್ಣ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ಹಿರಿಯರು ‘ಮನೆ ಮಾರಿ ನೋಡು’ ಎಂದು ಸೇರಿಸಲಿಲ್ಲ. ಮನೆ ಮಾರುವುದು ಸಾಹಸದ ಬಾಬ್ತಿಗಿಂತ ಕಷ್ಟಕಾಲದ ಬಾಬ್ತಿಗೆ ಸೇರಿದ್ದುದು ಇದಕ್ಕೆ ಕಾರಣವಿರಬಹುದು. ಆದರೂ ಸಾಲ, ವಲಸೆ, ಪಾಲುಪಾರೀಕತ್ತು ಮುಂತಾದ ಕಾರಣಗಳಿಂದ ಮನೆಗಳು ಕೈ ಬದಲಾಯಿಸುತ್ತಲೇ ಬಂದಿವೆ. ಮಾರುವ ಮುನ್ನ ಮನೆಯನ್ನು ಸಜ್ಜುಗೊಳಿಸುವ ಕೆಲಸಕ್ಕೂ ಒಂದು ದೀರ್ಘ ಚರಿತ್ರೆಯಿದೆ.

ಕರ್ನಾಟಕದಲ್ಲಿ ಈ ಕೆಲಸಕ್ಕೆ ತಕ್ಕ ಋತು ಶರತ್ಕಾಲ. ಮಹಾಲಯ ಅಮಾವಾಸ್ಯೆ ಕಳೆಯುವವರೆಗೆ ಕ್ರಯವಿಕ್ರಯದ ಮಾತೆತ್ತಲು ಅನೇಕರು ಹಿಂಜರಿಯುತ್ತಾರೆ. ನವರಾತ್ರಿ ಬಂದೊಡನೆ ಮಾತುಕತೆ ಆರಂಭವಾಗುತ್ತದೆ. ವಿಜಯದಶಮಿ, ಬಲಿಪಾಡ್ಯಮಿಗಳು ಶುಭದಿನಗಳೆಂಬ ನಂಬಿಕೆಯೂ ಜೊತೆಗಿದೆ. ಇದಕ್ಕಿಂತ ಮುಖ್ಯವಾದ ಇನ್ನೊಂದು ಕಾರಣವೆಂದರೆ ಮಳೆ. ನಾಲ್ಕು ತಿಂಗಳ ಮಳೆಗೆ ಮೈಯೊಡ್ಡಿದ ಮನೆ ಏನನ್ನೂ ಮುಚ್ಚಿಡಲಾರದು. ಹೆಂಚು ಸರಿದಲ್ಲಿ ಸೋರಿದ ಕಲೆ, ಗೋಡೆಯ ಬುಡದಲ್ಲಿ ಏರಿದ ತೇವ, ತೊಲೆಗೆ ಹತ್ತಿದ ಗೆದ್ದಲು, ಹಿತ್ತಲ ಗೋಡೆಯ ಹಾವಸೆ ಎಲ್ಲವೂ ಕಣ್ಣೆದುರಿಗೇ ಇರುತ್ತವೆ. ಕೊಳ್ಳುವವನು ಮನೆ ನೋಡಬೇಕಾದ ಕಾಲ ಅದು.

ಆದರೆ ಅದೇ ಕಾಲ ಸುಣ್ಣ ಬಳಿಯುವ ಕಾಲವೂ ಹೌದು. ದಸರೆ ದೀಪಾವಳಿಗೆ ಮುನ್ನ ಗೋಡೆಗೆ ಸುಣ್ಣ, ಬುಡಕ್ಕೆ ಕೆಮ್ಮಣ್ಣು ಎಂಬುದು ತಲೆತಲಾಂತರದ ವಾಡಿಕೆ. ಕರಾವಳಿಯಲ್ಲಿ ಚಿಪ್ಪು ಸುಟ್ಟು, ಬಯಲುಸೀಮೆಯಲ್ಲಿ ಸುಣ್ಣದ ಕಲ್ಲು ಸುಟ್ಟು ತಯಾರಿಸಿದ ಸುಣ್ಣವನ್ನು ನೀರಿನಲ್ಲಿ ಅರಳಿಸಿ, ಚಿಟಿಕೆ ನೀಲಿ ಬೆರೆಸಿ ಬಳಿಯುತ್ತಿದ್ದರು. ಬಳಿದ ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈ ಆಕ್ಸೈಡನ್ನು ಹೀರಿ ಮತ್ತೆ ಕಲ್ಲಿನ ಗುಣ ಪಡೆಯುತ್ತದೆ. ಅದರ ಕ್ಷಾರಗುಣ ಬೂಷ್ಟನ್ನು ತಡೆಯುತ್ತದೆ. 1896ರಲ್ಲಿ ಮುಂಬಯಿಯಲ್ಲಿ ಪ್ಲೇಗ್ ಕಾಣಿಸಿಕೊಂಡಾಗ ಸರ್ಕಾರ ಕೈಗೊಂಡ ಕ್ರಮಗಳಲ್ಲಿ ಮನೆಗಳಿಗೆ ಸುಣ್ಣ ಬಳಿಸುವುದೂ ಒಂದಾಗಿತ್ತು. ಹೀಗೆ ಸುಣ್ಣ ಮನೆಯ ಆರೈಕೆಯೂ ಹೌದು, ಮನೆಯ ಮುಸುಕೂ ಹೌದು. ಬಿರುಕಿನ ಮೇಲೆ ಎರಡು ಕೈ ಬಳಿದರೆ ಗೋಡೆ ಹೊಸತಾಗಿ ಕಾಣುತ್ತದೆ. ಮಾರುವವನ ಮಾತನ್ನು ಕೊಳ್ಳುವವನು ಎಷ್ಟರ ಮಟ್ಟಿಗೆ ನಂಬಬೇಕು ಎಂಬ ಪ್ರಶ್ನೆ ಇಲ್ಲಿಯೇ ಹುಟ್ಟುತ್ತದೆ.

ಈ ಪ್ರಶ್ನೆಗೆ ಪ್ರಾಚೀನ ಭಾರತ ಕಂಡುಕೊಂಡ ಉತ್ತರ ನೆರೆಹೊರೆ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿದ್ದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮನೆ, ಹೊಲ, ತೋಟ, ಕೆರೆಗಳ ಮಾರಾಟಕ್ಕೆಂದೇ ನಿಯಮಗಳಿವೆ. ಕೊಳ್ಳುವ ಮೊದಲ ಹಕ್ಕು ಜ್ಞಾತಿಗಳದು, ಬಳಿಕ ನೆರೆಯವರದು, ಆಮೇಲೆ ಸಾಲ ಕೊಟ್ಟವರದು. ಇವರಾರೂ ಮುಂದೆ ಬಾರದಿದ್ದರೆ ಮಾತ್ರ ಹೊರಗಿನವರದು. ಮಾರಾಟದ ಘೋಷಣೆ ನೆರೆಯ ನಲವತ್ತು ಕುಲಗಳವರ ಸಮ್ಮುಖದಲ್ಲಿ, ಮಾರುವ ಮನೆಯ ಎದುರಿನಲ್ಲೇ ನಡೆಯಬೇಕು. ಎಲ್ಲೆಗಳನ್ನು ಇದ್ದಂತೆ ಹೇಳಿ, ಈ ಬೆಲೆಗೆ ಯಾರು ಕೊಳ್ಳುವಿರಿ ಎಂದು ಮೂರು ಸಲ ಕೂಗಬೇಕು. ಯಾರೂ ತಡೆಯದಿದ್ದರೆ ಕೊಳ್ಳುವವನಿಗೆ ಹಕ್ಕು. ಪೈಪೋಟಿಯಿಂದ ಬೆಲೆ ಏರಿದರೆ ಆ ಹೆಚ್ಚಳ ಶುಲ್ಕದೊಡನೆ ರಾಜನ ಬೊಕ್ಕಸಕ್ಕೆ! ಬೆಲೆ ಏರಿಸಿ ಲಾಭ ಮಾಡುವ ಆಸೆಗೆ ಕೌಟಿಲ್ಯ ಹೀಗೆ ಕಡಿವಾಣ ಹಾಕಿದ್ದ. ಮನೆಯನ್ನು ಬಲ್ಲ ನೆರೆಯವರ ಎದುರು ಸುಳ್ಳು ಹೇಳುವುದು ಸುಲಭವಾಗಿರಲಿಲ್ಲ.

ಕನ್ನಡ ನಾಡಿನಲ್ಲೇ ರೂಪುಗೊಂಡ ಇನ್ನೊಂದು ಕೃತಿ ಈ ವಿಚಾರವನ್ನು ಮತ್ತಷ್ಟು ಬಿಡಿಸಿ ಹೇಳುತ್ತದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ವಿಜ್ಞಾನೇಶ್ವರ ರಚಿಸಿದ ಮಿತಾಕ್ಷರವು ಭೂಮಿ ಕೈ ಬದಲಾಯಿಸಲು ಆರು ಸಂಗತಿಗಳು ಬೇಕೆನ್ನುವ ಹಳೆಯ ವಚನವೊಂದನ್ನು ಚರ್ಚಿಸುತ್ತದೆ. ಗ್ರಾಮದವರು, ಜ್ಞಾತಿಗಳು, ನೆರೆಯವರು, ದಾಯಾದರು ಇವರ ಅನುಮತಿ. ಜೊತೆಗೆ ಚಿನ್ನ ಮತ್ತು ನೀರು. ಗ್ರಾಮದವರ ಅನುಮತಿ ವ್ಯವಹಾರ ನಾಲ್ಕು ಜನಕ್ಕೆ ತಿಳಿಯಲೆಂದು, ನೆರೆಯವರ ಅನುಮತಿ ಎಲ್ಲೆಯ ತಗಾದೆ ಬಾರದಿರಲೆಂದು ವಿಜ್ಞಾನೇಶ್ವರ ವಿವರಿಸುತ್ತಾನೆ. ಸ್ಥಿರಾಸ್ತಿಯ ಮಾರಾಟವೇ ಸಲ್ಲದೆಂಬ ವಚನವೂ ಇದ್ದುದರಿಂದ, ಚಿನ್ನವಿಟ್ಟು ನೀರೆರೆದು ವಿಕ್ರಯಕ್ಕೆ ದಾನದ ರೂಪ ಕೊಡಬೇಕಿತ್ತು. ಪಿತ್ರಾರ್ಜಿತ ಮನೆಯನ್ನು ತಂದೆ ತನ್ನಿಚ್ಛೆಯಂತೆ ಮಾರುವಂತಿರಲಿಲ್ಲ. ಗಂಡುಮಕ್ಕಳಿಗೆ ಅದರಲ್ಲಿ ಹುಟ್ಟಿನಿಂದಲೇ ಹಕ್ಕಿತ್ತು. ಆಪತ್ತು, ಕುಟುಂಬದ ಪೋಷಣೆ, ಧರ್ಮಕಾರ್ಯ ಇವು ಮಾತ್ರ ವಿನಾಯಿತಿಗಳು.

ಮಾರಾಟವಾದ ಮೇಲೆ ಏನೇನು ಕೈ ಬದಲಾಯಿಸುತ್ತದೆ? ಇದಕ್ಕೆ ಶಾಸನಗಳು ಮತ್ತು ಹಳೆಯ ಕ್ರಯಪತ್ರಗಳು ‘ಅಷ್ಟಭೋಗ ತೇಜಸ್ಸ್ವಾಮ್ಯ’ ಎಂಬ ಒಂದೇ ಪದಗುಚ್ಛದಲ್ಲಿ ಉತ್ತರ ಹೇಳುತ್ತವೆ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಇವೇ ಆ ಎಂಟು ಭೋಗಗಳು. ನೆಲದಡಿಯ ಹೂತ ಹಣದಿಂದ ಹಿಡಿದು ಬಾವಿಯ ನೀರು, ಅಂಗಳದ ಕಲ್ಲು, ಈಗಿರುವ ಫಲ, ಮುಂದೆ ಬರಬಹುದಾದ ಫಲ ಎಲ್ಲವೂ ಇದರಲ್ಲಿ ಅಡಕ. ಅಜ್ಜ ನೆಟ್ಟ ಮಾವಿನ ಮರದ ಮುಂದಿನ ವರ್ಷದ ಕಾಯಿ ‘ಆಗಾಮಿ’ಯಾಗಿ ಪರರ ಪಾಲಾಗುತ್ತದೆ.

ಬ್ರಿಟಿಷರ ಕಾಲದಲ್ಲಿ ನೆರೆಯವರ ಸ್ಥಾನಕ್ಕೆ ಕಾಗದ ಬಂತು. ಸ್ವತ್ತು ವರ್ಗಾವಣೆ ಕಾಯ್ದೆ (1882) ಮತ್ತು ನೋಂದಣಿ ಕಾಯ್ದೆ (1908) ಇಂದಿಗೂ ಜಾರಿಯಲ್ಲಿವೆ. ಮನೆಯೆದುರಿನ ಘೋಷಣೆಯ ಕೆಲಸವನ್ನು ಈಗ ಸಬ್ ರಿಜಿಸ್ಟ್ರಾರ್ ಕಚೇರಿಯ ದಾಖಲೆ ಪುಸ್ತಕ ಮಾಡುತ್ತದೆ. ಎಲ್ಲೆಗಳ ವರ್ಣನೆ ಪತ್ರದ ಕೊನೆಯ ಚಕ್ಕುಬಂದಿಯಾಗಿ ಉಳಿದಿದೆ. ಸುಣ್ಣದ ಪ್ರಶ್ನೆಯನ್ನೂ ಕಾನೂನು ಬಿಟ್ಟಿಲ್ಲ. 1882ರ ಕಾಯ್ದೆಯ 55ನೇ ಕಲಮಿನ ಪ್ರಕಾರ, ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕೊಳ್ಳುವವನಿಗೆ ಕಾಣದ, ಆದರೆ ಮಾರುವವನಿಗೆ ತಿಳಿದಿರುವ ಮಹತ್ವದ ದೋಷವನ್ನು ಮಾರುವವನೇ ತಿಳಿಸಬೇಕು. ತಿಳಿಸದಿದ್ದರೆ ಅದು ವಂಚನೆ. ಕಣ್ಣಿಗೆ ಬೀಳುವ ಬಿರುಕನ್ನು ನೋಡಿಕೊಳ್ಳುವ ಹೊಣೆ ಮಾತ್ರ ಕೊಳ್ಳುವವನದೇ.

ಆದರೆ ಈ ಎಲ್ಲ ವ್ಯವಸ್ಥೆಗಳಲ್ಲೂ ಬಹುಕಾಲ ಕೇಳಿಸದೆ ಉಳಿದ ದನಿಯೊಂದಿತ್ತು. ಗೌರಿ ಹಬ್ಬಕ್ಕೋ ದೀಪಾವಳಿಗೋ ತವರಿಗೆ ಬರುವ ಮಗಳಿಗೆ ಆ ಮನೆಯ ಹೊಸ ಸುಣ್ಣದ ಕಾರಣ ತಿಳಿಯುವ ಹೊತ್ತಿಗೆ ವ್ಯವಹಾರ ಮುಗಿದಿರಬಹುದಿತ್ತು. ಮಿತಾಕ್ಷರದ ಸಹಪಾಲುದಾರರ ಎಣಿಕೆಯಲ್ಲಿ ಆಕೆ ಇರಲಿಲ್ಲ. ಕರ್ನಾಟಕವು 1994ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದು ಹೆಣ್ಣುಮಕ್ಕಳನ್ನು ಸಹಪಾಲುದಾರರನ್ನಾಗಿಸಿತು. ಆದರೆ ಅದಕ್ಕೂ ಮೊದಲೇ ಮದುವೆಯಾದವರು ಹೊರಗುಳಿದರು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನು ತೊಡೆಯಿತು. ತಂದೆ 2005ರಲ್ಲಿ ಬದುಕಿರಲೇಬೇಕೆಂದಿಲ್ಲ, ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿತು. ಪಿತ್ರಾರ್ಜಿತ ಮನೆ ಮಾರುವವರು ಇಂದು ಗೋಡೆಗೆ ಬಣ್ಣ ಹೊಡೆಸುವ ಮೊದಲು ಅಕ್ಕತಂಗಿಯರ ಒಪ್ಪಿಗೆ ಕೇಳಬೇಕಾಗಿದೆ. ತವರಿನ ಬಾಗಿಲು ಮುಚ್ಚುವ ನೋವು ಇದರಿಂದ ಇಲ್ಲವಾಗದು. ಆದರೆ ಆ ತೀರ್ಮಾನದಲ್ಲಿ ಆಕೆಗೂ ಈಗ ಪಾಲಿದೆ.

ಶರತ್ಕಾಲದಲ್ಲಿ ಮಾರಾಟಕ್ಕೆ ಸಿದ್ಧವಾಗುವ ಮನೆಗೆ ಸುಣ್ಣ ಬಳಿಯುವುದು ತಪ್ಪೇನಲ್ಲ. ಹೊಸಬರು ಹಾಲುಕ್ಕಿಸುವ ಮನೆ ಶುಚಿಯಾಗಿರಲಿ ಎಂಬುದು ಹಳಬರ ಮರ್ಯಾದೆಯೂ ಹೌದು. ಸೋರುವ ಮೂಲೆ ಯಾವುದು, ಬಾವಿ ಬತ್ತುವುದು ಯಾವ ತಿಂಗಳಲ್ಲಿ, ಮನೆಯಲ್ಲಿ ಯಾರ ಯಾರ ಪಾಲಿದೆ ಎಂಬ ಸಂಗತಿಗಳನ್ನು ಸುಣ್ಣ ಒಣಗುವ ಮೊದಲೇ ಹೇಳಿಬಿಡಬೇಕು ಎಂಬುದಷ್ಟೇ ಕೌಟಿಲ್ಯನಿಂದ ಇಂದಿನವರೆಗಿನ ಕಟ್ಟಳೆಗಳ ಆಶಯ.